ಗುಡ್ಡೆ ಏರುವ ಮೊದಲು ಕೇಳಬೇಕಾದ ಅಪ್ಪಣೆ

ಕೃಷಿಯ ಪುಟದಲ್ಲಿ ಗುಡ್ಡೆ ಹತ್ತುವ ಆಟದ ಮಾತೇಕೆ ಎಂದು ವಾಚಕರು ಕೇಳಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನೋ ತೆಂಗಿನ ಬುಡ ಬಿಡಿಸುವ ಕಾಲವನ್ನೋ ಹೇಳಬೇಕಾದ ಜಾಗವಿದು, ನಿಜ. ಆದರೆ ನಮ್ಮ ಕಡೆಯ ತೋಟಗಳೆಲ್ಲ ಗುಡ್ಡೆಯ ಬುಡದಲ್ಲಿವೆ. ತೋಟಕ್ಕೆ ಹಾಕುವ ಸೊಪ್ಪು, ಹಟ್ಟಿಗೆ ಬೇಕಾದ ಹುಲ್ಲು, ಸುರಂಗದಿಂದ ಇಳಿದು ಬರುವ ನೀರು, ಇವೆಲ್ಲ ಮೇಲಿನಿಂದ ಬರತಕ್ಕವು. ಮೇಲೆ ಯಾರು ಏನು ಮಾಡುತ್ತಾರೆ ಎಂಬುದನ್ನು ಕೆಳಗಿನವನು ತಿಳಿದಿರಲೇಬೇಕು. ಈಚೆಗೆ ಪೇಟೆಯ ಜನರು ಗುಡ್ಡೆಗಳನ್ನು ಹುಡುಕಿಕೊಂಡು ಬರುತ್ತಿರುವುದರಿಂದ ಈ ಮಾತನ್ನು ಇಲ್ಲಿಯೇ ಬರೆಯುವುದು ಸರಿಯೆಂದು ತೋರಿತು.

2022ನೆಯ ಇಸವಿಯ ನವೆಂಬರ್ ತಿಂಗಳ ಒಂದು ಸಂಜೆ ನಾವು ಶಾಲೆಯಿಂದ ಬಂದು ಅಂಗಳದಲ್ಲಿ ಹರವಿದ್ದ ಅಡಿಕೆಯನ್ನು ಒಟ್ಟು ಮಾಡುತ್ತಿದ್ದೆವು. ಊರಿನ ಐದು ಮಂದಿ ಯುವಕರು ಬಂದರು. ಐವರೂ ನಮ್ಮ ಕೈಯಲ್ಲಿ ಕನ್ನಡ ಅಕ್ಷರ ಕಲಿತವರು. ಒಬ್ಬನು ಬೆಂಗಳೂರಿನ ಕೆಲಸ ಬಿಟ್ಟು ಬಂದವನು. ಇನ್ನೊಬ್ಬನು ಹಗ್ಗ ಹಿಡಿದು ಬಂಡೆ ಏರಿ ಇಳಿಯುವ ವಿದ್ಯೆಯನ್ನು ಕ್ರಮವಾಗಿ ಕಲಿತವನು.

"ಮಾಷ್ಟ್ರೇ, ನಮ್ಮ ಗುಡ್ಡೆಯಲ್ಲಿ ಹಗ್ಗ ಕಟ್ಟಿ ಬಂಡೆ ಇಳಿಸುವುದು, ಪದವಿನಲ್ಲಿ ನಡೆಸುವುದು, ಡೇರೆ ಹಾಕಿ ರಾತ್ರಿ ಉಳಿಸುವುದು, ಇಷ್ಟನ್ನು ನಾವೇ ಮಾಡಿದರೆ ಹೇಗೆ? ಪೊಸಡಿ ಗುಂಪೆಗೆ ಆದಿತ್ಯವಾರ ಎಷ್ಟು ಬೈಕು ಬರುತ್ತವೆ ನೋಡಿದ್ದೀರಲ್ಲ" ಎಂದರು.

ನೋಡಿದ್ದೆವು. ಧರ್ಮತ್ತಡ್ಕದ ಬಳಿಯ ಆ ಗುಡ್ಡೆ ಸಮುದ್ರಮಟ್ಟದಿಂದ ಸಾವಿರ ಅಡಿಗೂ ಮೇಲೆ ಇದೆ. ತುದಿಯಲ್ಲಿ ನಿಂತರೆ ಪಡುವಲಿಗೆ ಕಡಲು, ಮೂಡಲಿಗೆ ಘಟ್ಟದ ಸಾಲು. ಮಳೆ ಬಿಟ್ಟ ಮೇಲೆ ಅಲ್ಲಿಗೆ ಬರುವವರಿಗೆ ಲೆಕ್ಕವಿಲ್ಲ. ಬಂದವರು ಹೋಗುವಾಗ ಬಿಟ್ಟು ಹೋಗುವ ಬಾಟ್ಲಿಗಳಿಗೂ ಲೆಕ್ಕವಿಲ್ಲ.

ಯುವಕರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಡಿಕೆಗೆ ಹಳದಿರೋಗ ತಗಲಿದ ಮನೆಯವರು ಅವರಲ್ಲಿ ಇಬ್ಬರು. ಊರಲ್ಲೇ ನಿಂತು ನಾಲ್ಕು ಕಾಸು ಸಂಪಾದಿಸುವ ದಾರಿ ಹುಡುಕುತ್ತಿದ್ದಾರೆ. ಶಿಕ್ಷಕ ತರಬೇತಿಯ ಕಾಲದಲ್ಲಿ ನಮಗೆ ಹೇಳಿಕೊಟ್ಟದ್ದೂ ಅದನ್ನೇ, ಮಗುವನ್ನು ಕೋಣೆಯಿಂದ ಹೊರಗೆ ತನ್ನಿರಿ, ಕಲ್ಲು ಮಣ್ಣು ಮುಟ್ಟಿಸಿರಿ ಎಂದು. ವರ್ಷಕ್ಕೊಮ್ಮೆ ಮಕ್ಕಳನ್ನು ಗುಡ್ಡೆ ಹತ್ತಿಸುವ ಪದ್ಧತಿ ನಮಗೂ ಇದೆ. ಆದುದರಿಂದ ನಾವು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಣೆ ಯಾರಲ್ಲಿ ಕೇಳುತ್ತೀರಿ?"

"ಸರಕಾರದ ಜಾಗವಲ್ಲವೇ ಮಾಷ್ಟ್ರೇ! ನಮ್ಮ ಅಜ್ಜಂದಿರು ಸೊಪ್ಪು ಕಡಿಯುವಾಗ ಯಾರನ್ನು ಕೇಳಿದ್ದರು?"

ಈ ಉತ್ತರ ಅವರದು ಮಾತ್ರವಲ್ಲ, ನಮ್ಮಲ್ಲಿ ಅನೇಕರದು. ಆದುದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಅಜ್ಜಂದಿರು ಸೊಪ್ಪು ಕಡಿದದ್ದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕುಮ್ಕಿ ಹಕ್ಕಿನಿಂದ. ವರ್ಗ ಜಮೀನಿಗೆ ತಾಗಿದ ಸರಕಾರದ ಪಾಳು ನೆಲದಲ್ಲಿ ದನ ಮೇಯಿಸುವುದಕ್ಕೆ, ಬೇಸಾಯಕ್ಕೂ ಮನೆವಾರ್ತೆಗೂ ಬೇಕಾದ ಸೊಪ್ಪು ಸೌದೆ ತರುವುದಕ್ಕೆ ವರ್ಗದಾರನಿಗಿದ್ದ ಸವಲತ್ತು ಅದು. ಆ ನೆಲ ಅವನ ಸ್ವಂತವಾಗಲಿಲ್ಲ, ಅಲ್ಲಿ ವ್ಯಾಪಾರ ಮಾಡುವ ಅಧಿಕಾರವೂ ಬರಲಿಲ್ಲ. ಸೊಪ್ಪು ಹೊರುವುದು ಬೇರೆ, ಚೀಟಿ ಹರಿದು ದುಡ್ಡು ಪಡೆಯುವುದು ಬೇರೆ. 1957ರ ಕೇರಳ ಭೂಸಂರಕ್ಷಣಾ ಕಾಯಿದೆಯ ಪ್ರಕಾರ ಸರಕಾರದ ನೆಲವನ್ನು ಅಪ್ಪಣೆಯಿಲ್ಲದೆ ಹಿಡಿದುಕೊಂಡರೆ ಅದು ಅತಿಕ್ರಮಣ. ಒಂದು ಡೇರೆ, ಒಂದು ಕಬ್ಬಿಣದ ಗೂಟ, ಒಂದು ಚೀಟಿಯ ಮೇಜು, ಇಷ್ಟರಿಂದಲೇ ತಕರಾರು ಹುಟ್ಟಬಹುದು.

ಇನ್ನು "ಸರಕಾರದ ಜಾಗ" ಎಂಬ ಮಾತಿನೊಳಗೆ ಹಲವು ಯಜಮಾನರು ಅಡಗಿದ್ದಾರೆ. ಪನತ್ತಡಿ ಪಂಚಾಯತಿನ ರಾಣಿಪುರವನ್ನು ನೋಡಿ. ಹಿಂದೆ ಮಾಡತ್ತುಮಲೆ ಎನ್ನುತ್ತಿದ್ದ ಆ ಬೆಟ್ಟ ಸುಮಾರು 750 ಮೀಟರ್ ಎತ್ತರದ್ದು. ಕಾಡು ದಾಟಿ ಹುಲ್ಲುಬೆಟ್ಟಕ್ಕೆ ಹೋಗುವ ದಾರಿಗೆ ಅರಣ್ಯ ಇಲಾಖೆಯೇ ಯಜಮಾನ. ಅಲ್ಲಿ 1961ರ ಕೇರಳ ಅರಣ್ಯ ಕಾಯಿದೆ ನಡೆಯುತ್ತದೆ. ಅರಣ್ಯವಲ್ಲದ ಕೆಲಸಕ್ಕೆ ಆ ನೆಲವನ್ನು ಕೊಡಬೇಕಾದರೆ 1980ರ ಕಾಯಿದೆಯಂತೆ ದಿಲ್ಲಿಯ ಸಮ್ಮತಿಯೂ ಬೇಕು. ಬೇಕಲದಲ್ಲಿ ಕೋಟೆಯ ಗೋಡೆಗೆ ಹಗ್ಗ ಕಟ್ಟುತ್ತೇನೆಂದರೆ ಪುರಾತತ್ವ ಇಲಾಖೆ ಬಿಡುವುದಿಲ್ಲ, ಬಿಡಲೂಬಾರದು. ಕೆಳದಿಯ ಶಿವಪ್ಪನಾಯಕನ ಹೆಸರಿನೊಂದಿಗೆ ನೆನೆಯುವ ಆ ಕೋಟೆಯ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡವೇ ಕೂಡದು, ಅದರಾಚೆಯ ಇನ್ನೂರು ಮೀಟರಿನಲ್ಲಿ ಅಪ್ಪಣೆ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಕಡಲ ಕರೆಗೆ ಕರಾವಳಿ ನಿಯಮ ಬೇರೆ. ಕೆಲವು ಗುಡ್ಡೆಗಳು ನಿಗಮಗಳ ಗೇರುತೋಟಕ್ಕೆ ಸೇರಿವೆ. ಉಳಿದವು ಕಂದಾಯ ಇಲಾಖೆಯ ಪರಂಬೋಕು, ಇಲ್ಲವೇ ಪಂಚಾಯತಿನ ವಶದಲ್ಲಿರುವ ನೆಲ. ಕಣ್ಣಿಗೆ ಎಲ್ಲವೂ ಒಂದೇ ಮುಳಿಹುಲ್ಲಿನ ಗುಡ್ಡೆ.

ನಮ್ಮ ಗುಡ್ಡೆ ಯಾರದೆಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ವಿಲೇಜ್ ಆಫೀಸಿನಲ್ಲಿ ಸರ್ವೆ ನಂಬ್ರ ಸಿಕ್ಕಿತು, ನಕ್ಷೆ ಸಿಗಲಿಲ್ಲ. ಕೊನೆಗೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದೆವು, ನಕ್ಷೆಯ ಪ್ರತಿ ಅಂಚೆಯಲ್ಲಿ ಬಂತು. ಪಡುವಣ ಇಳಿಜಾರು ಮತ್ತು ಬಂಡೆ ಕಂದಾಯದ ಪರಂಬೋಕು. ಮಳೆಗಾಲದ ನೀರು ನಿಲ್ಲುವ ಮದಕ ಮತ್ತು ಅದಕ್ಕೆ ಹೋಗುವ ದಾರಿ ಪಂಚಾಯತಿನದು. ಮೂಡಣ ಅಂಚಿನ ಒಂದು ತುಂಡು ಖಾಸಗಿ ವರ್ಗ. ಯುವಕರು ಡೇರೆ ಹಾಕಬೇಕೆಂದು ಗುರುತು ಮಾಡಿಟ್ಟದ್ದು ಆ ಖಾಸಗಿ ತುಂಡಿನಲ್ಲಿ! ಅರ್ಜಿ ಬರೆಯುವ ಮೊದಲು ನಕ್ಷೆ ತರಿಸಿಕೊಳ್ಳಿರಿ ಎಂದು ನಾವು ಎಲ್ಲರಿಗೂ ಹೇಳುವುದು ಇದಕ್ಕೇ.

ಅರ್ಜಿಯನ್ನು ನಾವು ಕನ್ನಡದಲ್ಲಿ ಬರೆದೆವು. ಒಂದು ಕಚೇರಿಯಲ್ಲಿ ಗುಮಾಸ್ತರು ಅದನ್ನು ಒಮ್ಮೆ ತಿರುಗಿಸಿ ನೋಡಿ, ಮಲೆಯಾಳದಲ್ಲಿ ಬರೆದು ತನ್ನಿರಿ ಎಂದು ಹಿಂದೆ ಕೊಟ್ಟರು. ಜಗಳವಾಡಲಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೇಟಿನೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಬರೆದಿಟ್ಟದ್ದನ್ನು ಒಂದು ಹಾಳೆಯಲ್ಲಿ ನಕಲು ಮಾಡಿ, ಅರ್ಜಿಯ ಮೇಲೆ ಲಗತ್ತಿಸಿ, ಮರುದಿನ ಪುನಃ ಕೊಟ್ಟೆವು. ತೆಗೆದುಕೊಂಡರು. ರಶೀದಿ ಕೇಳಿ ಪಡೆದೆವು. ಇದು ಅಭಿಮಾನದ ಮಾತು ಮಾತ್ರವಲ್ಲ. ನೀರಿನ ಒರತೆ ಎಲ್ಲಿದೆ, ಹುಲ್ಲು ಯಾರು ಕೊಯ್ಯುತ್ತಾರೆ, ಕಾಲುದಾರಿ ಯಾವುದು ಎಂಬ ವಿವರಗಳನ್ನು ಮತ್ತೊಬ್ಬನ ಕೈಯಲ್ಲಿ ಪರಭಾಷೆಯಲ್ಲಿ ಬರೆಸಿದರೆ ಏನು ಬರೆದಿದೆಯೆಂದು ನಮಗೇ ತಿಳಿಯದು. ತಿಳಿಯದ ಕಾಗದಕ್ಕೆ ಊರವರು ರುಜು ಹಾಕುವಂತಾಗಬಾರದು.

ಹೀಗೆ ಕಾಗದ ನಡೆಯುತ್ತಿರುವಾಗ ಊರಿನೊಳಗೆಯೇ ದೊಡ್ಡ ತಡೆ ಬಂತು. ಗುಡ್ಡೆಯ ಬುಡದ ಮನೆಯ ಅಜ್ಜನೊಬ್ಬರು, ಎಂಬತ್ತು ದಾಟಿದವರು, ಹಟ್ಟಿಗೆ ಈಗಲೂ ಮುಳಿಹುಲ್ಲು ಹೊದಿಸುವವರು, ನಮ್ಮನ್ನು ಕರೆಸಿದರು. "ಮಾಷ್ಟ್ರು ಮಕ್ಕಳಿಗೆ ಬುದ್ಧಿ ಹೇಳಬೇಕಾದವರು. ನೀವೇ ಅರ್ಜಿ ಬರೆದು ಕೊಡುವುದಾ? 2019ರ ಬೆಂಕಿ ಮರೆತುಹೋಯಿತಾ?"

ಮರೆಯುವ ಹಾಗಿರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಎಲ್ಲಿಂದಲೋ ಬಂದ ಒಂದು ತಂಡ ಪದವಿನಲ್ಲಿ ರಾತ್ರಿ ಕಳೆದು, ಅಡುಗೆ ಮಾಡಿದ ಒಲೆಯ ಕೆಂಡವನ್ನು ನಂದಿಸದೆ ಹೋಯಿತು. ಬೆಳಗಿನ ಗಾಳಿಗೆ ಮುಳಿಹುಲ್ಲು ಹೊತ್ತಿಕೊಂಡಿತು. ನಾವೂ ನೆರೆಕರೆಯವರೂ ಹಸಿ ಸೊಪ್ಪಿನ ಕಟ್ಟು ಹಿಡಿದು ಬಡಿದು ಬಡಿದು ಮಧ್ಯಾಹ್ನಕ್ಕೆ ಬೆಂಕಿ ತಡೆದೆವು. ಅಷ್ಟರಲ್ಲಿ ಹೂ ಬಿಟ್ಟು ನಿಂತಿದ್ದ ನಮ್ಮ ನಲ್ವತ್ತು ಗೇರುಮರಗಳೂ ಅಜ್ಜನ ಎರಡು ಹುಲ್ಲುಬಣವೆಗಳೂ ಹೋದುವು. ಬಂದವರು ಯಾರೆಂದು ಇಂದಿಗೂ ತಿಳಿಯಲಿಲ್ಲ. ಅಪ್ಪಣೆಯ ಕಾಗದವೊಂದಿದ್ದರೆ ಹೆಸರಾದರೂ ಇರುತ್ತಿತ್ತು.

ನಮ್ಮದು ಮರದ ನಷ್ಟ. ಅದಕ್ಕಿಂತ ಒಂದು ವರ್ಷ ಮೊದಲು, 2018ರ ಮಾರ್ಚ್ 11ರಂದು, ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಕಾಡುಬೆಂಕಿಗೆ ಸಿಕ್ಕಿ ಚಾರಣಕ್ಕೆ ಬಂದ 20ಕ್ಕೂ ಹೆಚ್ಚು ಜನರು ಸತ್ತರು. ಅವರು ಹೋದ ದಾರಿಗೆ ಅಪ್ಪಣೆ ಇರಲಿಲ್ಲವೆಂದು ಆಮೇಲೆ ಅರಣ್ಯ ಇಲಾಖೆ ಹೇಳಿತು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ, ಮನುಷ್ಯನಿಗಿಂತ ಬೇಗ ಓಡುತ್ತದೆ. ಇದನ್ನು ಅಜ್ಜನಿಗೆ ಯಾರೂ ಕಲಿಸಬೇಕಾಗಿಲ್ಲ. ಪೇಟೆಯಿಂದ ಬಂದವರಿಗೆ ಮಾತ್ರ ಯಾರಾದರೂ ಹೇಳಬೇಕು.

ಅಜ್ಜನ ಎರಡನೆಯ ಪ್ರಶ್ನೆ ನೀರಿನದು. ಉತ್ತರದ ಇಳಿಜಾರಿನಲ್ಲಿ ಏಳು ಸುರಂಗಗಳಿವೆ. ನಮ್ಮ ವಾಚಕರಿಗೆ ಸುರಂಗವನ್ನು ವರ್ಣಿಸುವುದು ಬೇಡ. ಬಾಯಾರು, ಎಣ್ಮಕಜೆ ಕಡೆಯವರು ಸುರಂಗದ ನೀರು ಕುಡಿದೇ ಬೆಳೆದವರು. ಮುರಕಲ್ಲಿನ ಮೈಯಲ್ಲಿ ಅಡ್ಡಕ್ಕೆ ಕೊರೆದ ದಾರಿಗೆ ಗುಡ್ಡೆಯ ಮೇಲಿನ ಮಳೆನೀರು ಜಿನುಗಿ ಬರುತ್ತದೆ. ಹಿಂದೆ ಅಡಿಕೆಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ ಅದು ಮನೆಯಂಗಳಕ್ಕೆ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಮೇಲೆ ಚೆಲ್ಲಿದ್ದು ಕೆಳಗೆ ಬಾರದೆ ಇರುವುದಿಲ್ಲ. "ನೂರು ಜನ ಮೇಲೆ ರಾತ್ರಿ ಉಳಿದರೆ ಬೆಳಿಗ್ಗೆ ಎಲ್ಲಿ ಕೂರುತ್ತಾರೆ?" ಎಂದು ಅಜ್ಜ ನೇರವಾಗಿ ಕೇಳಿದರು. ಯುವಕರು ನಕ್ಕರು. ನಾವು ನಗಲಿಲ್ಲ. ಗುಡ್ಡೆಯ ತುದಿಯಲ್ಲಿ ಆದದ್ದನ್ನು ಬುಡದವರು ಉಣ್ಣಬೇಕಾಗುತ್ತದೆ ಎಂಬುದನ್ನು ಈ ಜಿಲ್ಲೆಗೆ ಹೇಳಿಕೊಡಬೇಕೆ? 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರೀ ನಿಗಮದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಬುಡದ ಮನೆಗಳಲ್ಲಿ ಏನಾಯಿತೆಂದು ಪಡ್ರೆಯ ಜನರನ್ನು ಕೇಳಬಹುದು. ಅಲ್ಲಿಯೂ ಮೇಲಿನ ಕೆಲಸಕ್ಕೆ ಕಾಗದ ಇತ್ತು. ಕೆಳಗಿನವರನ್ನು ಕೇಳುವ ಕ್ರಮ ಇರಲಿಲ್ಲ. ಹಗ್ಗದಾಟವನ್ನೂ ವಿಷವನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಕೇಳುವ ಕ್ರಮದ ಮಾತು ಮಾತ್ರ ಹೇಳುತ್ತಿದ್ದೇವೆ.

ಗ್ರಾಮಸಭೆಯಲ್ಲಿ ವಿಷಯ ಬಂದಾಗ ಗದ್ದಲವಾಯಿತು. ಯುವಕರು ಒಂದು ಕಡೆ, ಹುಲ್ಲು ಕೊಯ್ಯುವವರೂ ದನ ಬಿಡುವವರೂ ಮತ್ತೊಂದು ಕಡೆ. ಗಂಡಸರ ವಾದ ಒಂದು ಗಂಟೆ ನಡೆದ ಮೇಲೆ, ಸುರಂಗದ ನೀರನ್ನೇ ನಂಬಿದ ಮನೆಯ ಒಬ್ಬ ತಾಯಿ ಎದ್ದು ನಿಂತು, "ಕೂಡದು ಅಂತ ಹೇಳಿದರೆ ಬರುವವರು ಬಾರದೆ ಇರುತ್ತಾರಾ? ನಮ್ಮ ಹುಡುಗರು ಮೇಲೆ ಇದ್ದರೆ ಬಂದವರು ಯಾರೆಂದಾದರೂ ಗೊತ್ತಾಗುತ್ತದೆ" ಎಂದರು. ಆ ಮಾತಿನಿಂದ ಸಭೆ ತಿರುಗಿತು.

ಮತ್ತೆ ನಾವು ಕೂತು ತಿಂಗಳುಗಳ ಲೆಕ್ಕ ಹಾಕಿದೆವು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂಡೆ ಪಾಚಿಗಟ್ಟಿ ಜಾರುತ್ತದೆ. ತುಲಾಮಳೆಯ ಕಾಲದಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು. ಬೋಳು ಪದವಿನಲ್ಲಿ ನಿಂತ ಮನುಷ್ಯನೇ ಅತಿ ಎತ್ತರದ ವಸ್ತುವಾಗುತ್ತಾನೆ. ಫೆಬ್ರವರಿಯಿಂದ ಮೇ ತನಕ ಬೆಂಕಿಯ ಭಯ, ಕೊನೆಗೆ ಪುನಃ ಸಿಡಿಲು. ಉಳಿದದ್ದು ಡಿಸೆಂಬರ್ ಮತ್ತು ಜನವರಿ. ಮುಳಿಹುಲ್ಲು ಕೊಯ್ಯುವ ಕಾಲವೂ ಅದೇ! ತಕರಾರು ಇಲ್ಲಿಯೇ ಇತ್ತು, ಪರಿಹಾರವೂ ಇಲ್ಲಿಯೇ ಸಿಕ್ಕಿತು. ಮೊದಲು ದಾರಿಯ ಎರಡು ಬದಿಯ ಹುಲ್ಲು ಕೊಯ್ಯಬೇಕು. ಕೊಯ್ದು ಮುಗಿದ ತುಂಡಿಗೆ ಮಾತ್ರ ಜನರನ್ನು ಬಿಡಬೇಕು. ಕೊಯ್ದ ನೆಲದಲ್ಲಿ ಬೆಂಕಿಗೆ ಮೇವಿಲ್ಲ. ಕೂಲಿ ಸಿಗದೆ ಮೂರು ವರ್ಷಗಳಿಂದ ಕೊಯ್ಯದೆ ಬಿಟ್ಟಿದ್ದ ಹುಲ್ಲನ್ನು ಯುವಕರೇ ಕೊಯ್ದು ಇಳಿಸಿ ಕೊಡುವುದೆಂದೂ, ಪ್ರತಿಯಾಗಿ ಹುಲ್ಲಿನ ಮನೆಯವರು ತಕರಾರು ಹಿಂದೆ ತೆಗೆಯುವುದೆಂದೂ ಒಪ್ಪಂದವಾಯಿತು. ಸುರಂಗಗಳಿರುವ ಉತ್ತರದ ಇಳಿಜಾರನ್ನು ಪೂರ್ತಿ ಬಿಟ್ಟೆವು. ರಾತ್ರಿ ಉಳಿಯುವ ಮಾತನ್ನೂ ಬಿಟ್ಟೆವು. ಇದರಿಂದ ಯುವಕರಿಗೆ ಬೇಸರವಾಯಿತು, ದುಡ್ಡು ಬರುವುದು ಡೇರೆಯಿಂದಲೇ ಎಂದು ಅವರ ಲೆಕ್ಕ. ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರ ಆಗಸ್ಟಿನಲ್ಲಿ ಅಲ್ಲಿಯ ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿ, ಹೋಗುವವರ ಸಂಖ್ಯೆಗೆ 200ರ ಮಿತಿ ಹಾಕಿದ ಸಂಗತಿಯನ್ನು ನಾವು ಅವರಿಗೆ ಓದಿ ಹೇಳಿದೆವು. ಒಪ್ಪಿದರೋ ಸುಮ್ಮನಾದರೋ, ಅಂತೂ ಅರ್ಜಿಯಿಂದ ಆ ಸಾಲು ಹೊಡೆದುಹಾಕಿದರು.

ನೆಲದ ಅಪ್ಪಣೆ ಒಂದಾದರೆ, ಆಟದ ಪರವಾನಿಗೆ ಇನ್ನೊಂದು. ಕೇರಳದ ಪ್ರವಾಸೋದ್ಯಮ ಇಲಾಖೆಯ ಕೆಳಗೆ ಸಾಹಸ ಪ್ರವಾಸೋದ್ಯಮಕ್ಕೆಂದೇ ಒಂದು ಸೊಸೈಟಿಯಿದೆ; ಇಂಥ ಕೆಲಸ ನಡೆಸುವವರ ಸುರಕ್ಷೆಯ ಏರ್ಪಾಡನ್ನು ನೋಡಿ ನೋಂದಾಯಿಸುವುದು ಅದರ ಕೆಲಸ. ಹಗ್ಗ ಎಷ್ಟು ಹಳೆಯದು, ತಲೆಗೆ ಗಟ್ಟಿ ಟೊಪ್ಪಿ ಇದೆಯೇ, ಕಲಿಸುವವನು ಎಲ್ಲಿ ಕಲಿತವನು, ಬಿದ್ದವನನ್ನು ಆಸ್ಪತ್ರೆಗೆ ಮುಟ್ಟಿಸಲು ಎಷ್ಟು ಹೊತ್ತು ಬೇಕು, ವಿಮೆ ಇದೆಯೇ, ಇವೇ ಪ್ರಶ್ನೆಗಳು. ಕೊನೆಯೆರಡನ್ನು ನಮ್ಮವರು ಯೋಚಿಸಿಯೇ ಇರಲಿಲ್ಲ. ಗುಡ್ಡೆಯ ತುದಿಯಿಂದ ರಸ್ತೆಗೆ ಒಬ್ಬನನ್ನು ಮಂಚದಲ್ಲಿ ಹೊತ್ತು ಇಳಿಸಿ ನೋಡಿರಿ ಎಂದು ನಾವು ಹೇಳಿದೆವು. ಮಲಗಿದ್ದವನು ಎರಡು ಸಲ ಬೀಳುವುದರಲ್ಲಿದ್ದ. ಐವತ್ತೈದು ನಿಮಿಷ ಬೇಕಾಯಿತು. ಆ ಲೆಕ್ಕವನ್ನು ಇದ್ದ ಹಾಗೆಯೇ ಅರ್ಜಿಯಲ್ಲಿ ಬರೆದೆವು. 2022ರ ಫೆಬ್ರವರಿಯಲ್ಲಿ ಪಾಲಕ್ಕಾಡಿನ ಮಲಂಪುಳದ ಬಂಡೆಯ ಸಂದಿನಲ್ಲಿ ಒಬ್ಬ ಯುವಕನು ಸಿಕ್ಕಿಬಿದ್ದು ನಲ್ವತ್ತು ಗಂಟೆಗೂ ಹೆಚ್ಚು ಹೊತ್ತು ಕುಳಿತದ್ದೂ ಸೈನ್ಯದವರು ಬಂದು ಮೇಲೆತ್ತಿದ್ದೂ ಎಲ್ಲರಿಗೂ ನೆನಪಿರಬಹುದು. ಪ್ರತಿ ಗುಡ್ಡೆಗೂ ಸೈನ್ಯ ಬರುವುದಿಲ್ಲ.

ಜನರ ಸಂಖ್ಯೆಯನ್ನು ದಿನಕ್ಕೆ ಮೂವತ್ತೆಂದು ಬರೆದಾಗ, ಇಷ್ಟು ಕಡಿಮೆಯೇ ಎಂದು ಯುವಕರು ಗೊಣಗಿದ್ದರು. 2024ರ ಜನವರಿಯ ಕೊನೆಯ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿ, ಕಾಲಿಡಲು ಜಾಗವಿಲ್ಲದ ಚಿತ್ರಗಳು ಎಲ್ಲರ ಕೈಗೂ ಬಂದುವು. ಮುಂಗಡ ನೋಂದಣಿಯಿಲ್ಲದ ಚಾರಣವನ್ನು ಕರ್ನಾಟಕದ ಅರಣ್ಯ ಇಲಾಖೆ ಕೂಡಲೇ ನಿಲ್ಲಿಸಿತು. ಆ ಮೇಲೆ ಗೊಣಗು ನಿಂತಿತು.

ಅರ್ಜಿಗೆ ಉತ್ತರ ಬಂದದ್ದು 2023ರ ಡಿಸೆಂಬರಿನಲ್ಲಿ, ಎಂದರೆ ಮೊದಲ ಮಾತುಕತೆಯಾಗಿ ಹದಿಮೂರು ತಿಂಗಳಿಗೆ. ಈ ನಡುವೆ ಒಂದು ಕಡತ ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಹೋಗಲು ಹತ್ತು ವಾರ ತೆಗೆದುಕೊಂಡಿತು. ಇಬ್ಬರು ಯುವಕರು ಬೇಸತ್ತು ಗಲ್ಫಿಗೆ ಹೋದರು. ಇದು ನಮಗೆ ಇಂದಿಗೂ ಕೊರಗು. ಮೂರು ಮಂದಿ ಉಳಿದಿದ್ದಾರೆ. ದೊರೆತ ಅಪ್ಪಣೆ ಒಂದು ಹಂಗಾಮಿನದು; ಹಗಲು ಮಾತ್ರ, ಪಡುವಣ ಇಳಿಜಾರು ಮಾತ್ರ, ಬೆಂಕಿ ಹಚ್ಚಕೂಡದು, ಪ್ಲಾಸ್ಟಿಕ್ ಕೆಳಗೆ ತರಬೇಕು, ಸ್ಥಿರವಾದ ಕಟ್ಟೋಣ ಯಾವುದೂ ಇಲ್ಲ. ಮರುವರ್ಷಕ್ಕೆ ಮತ್ತೆ ಅರ್ಜಿ. ಮೊದಲ ಹಂಗಾಮಿನಲ್ಲಿ ಖರ್ಚು ಕಳೆದು ಉಳಿದ ಹಣ ಒಬ್ಬೊಬ್ಬನಿಗೆ ಎರಡು ತಿಂಗಳ ಅಡಿಕೆ ಸುಲಿಯುವ ಕೂಲಿಗಿಂತ ಹೆಚ್ಚಾಗಲಿಲ್ಲ. ನಮ್ಮ ಶಾಲೆಯ ಮಕ್ಕಳು ಮಾತ್ರ ದುಡ್ಡಿಲ್ಲದೆ ಒಂದು ದಿನ ಬಂಡೆ ಇಳಿದರು. ಏಳನೆಯ ತರಗತಿಯ ಒಬ್ಬ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, ಮೂರು ಸಲ ಇಳಿದು ನಾಲ್ಕನೆಯ ಸಲಕ್ಕೆ ಸಾಲಿನಲ್ಲಿ ನಿಂತಿದ್ದಳು.

ಆ ಅಪ್ಪಣೆಯ ಕಾಗದ ಕನ್ನಡದಲ್ಲಿ ಬಂತು. ಮೂರು ಕಡೆ ಒತ್ತಕ್ಷರ ತಪ್ಪಿತ್ತು. ಮಾಷ್ಟ್ರ ಅಭ್ಯಾಸ, ಕೆಂಪು ಶಾಯಿಗೆ ಕೈ ಹೋಯಿತು, ಆದರೆ ತಿದ್ದಲಿಲ್ಲ. ಅದನ್ನು ಅಜ್ಜನ ಮನೆಗೆ ಕೊಂಡುಹೋಗಿ ಓದಿ ಹೇಳಿದೆವು. ಅವರು ಕೊನೆಯ ತನಕ ಕೇಳಿ, "ಹಾಗಾದರೆ ಹುಲ್ಲು ಯಾವ ದಿನ ಕೊಯ್ಯಲು ಸುರು ಮಾಡುವುದು? ಕತ್ತಿ ಮಸೆದಿಡಬೇಕಲ್ಲ" ಎಂದರು.